ಮಕ್ಕಳಿರುವ ಮನೆಗೆ ರಾಟ್‌ವೈಲರ್ ತರಬಹುದೇ?

ಕಲಬುರಗಿಯ ಊರಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದೇವೆ, ಸುತ್ತ ಇನ್ನೂ ಖಾಲಿ ಸೈಟುಗಳೇ ಹೆಚ್ಚು, ಮನೆಯಲ್ಲಿ ಆರು ಮತ್ತು ಒಂಬತ್ತು ವರ್ಷದ ಮಕ್ಕಳೂ ವಯಸ್ಸಾದ ತಾಯಿಯೂ ಇದ್ದಾರೆ, ಕಾವಲಿಗೂ ಆಗುವ, ಮಕ್ಕಳೊಂದಿಗೂ ಹೊಂದಿಕೊಳ್ಳುವ ರಾಟ್‌ವೈಲರ್ ಅಥವಾ ಜರ್ಮನ್ ಶೆಫರ್ಡ್ ತರಬಹುದೇ ಎಂದು ನೀವು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಒಂಬತ್ತು ವರ್ಷ ಗೌರಿ ಎಂಬ ಹೆಣ್ಣು ರಾಟ್‌ವೈಲರ್ ಸಾಕಿದವನು. ಈಗ ಮನೆಯಲ್ಲಿ ಮುಧೋಳ ನಾಯಿ ಇದೆ. ತರಬಹುದು ಎಂದೇ ನನ್ನ ಉತ್ತರ. ಆದರೆ ಅದನ್ನು ಗೇಟಿಗೆ ಕಟ್ಟಿಹಾಕಲು ತರುವುದಾದರೆ ದಯವಿಟ್ಟು ತರಬೇಡಿ. ಅದು ನಿಮ್ಮ ಪಡಸಾಲೆಯಲ್ಲಿ, ನಿಮ್ಮ ಕಾಲ ಬಳಿಯಲ್ಲೇ ಬೆಳೆಯಬೇಕು.

ಹೀಗೆ ಹೇಳುವುದಕ್ಕೆ ಕಾರಣ ಈ ತಳಿಗಳ ಹುಟ್ಟಿನಲ್ಲೇ ಇದೆ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರು ದನಗಳನ್ನು ಹೊಡೆದುಕೊಂಡು ಹೋಗಲು, ಮಾಂಸದ ಗಾಡಿ ಎಳೆಸಲು ಸಾಕಿದ ನಾಯಿಯೇ ರಾಟ್‌ವೈಲರ್. ಜರ್ಮನ್ ಶೆಫರ್ಡ್ ಕುರಿ ಕಾಯುವ ನಾಯಿ. ಮ್ಯಾಕ್ಸ್ ವಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ 1899ರಲ್ಲಿ ಅದನ್ನು ಒಂದು ತಳಿಯಾಗಿ ರೂಪಿಸಲು ತೊಡಗಿದರು. ಎರಡೂ ದಿನವಿಡೀ ಯಜಮಾನನ ಮಗ್ಗುಲಲ್ಲಿದ್ದು, ಅವನ ದನಿ ಕೇಳಿ ಕೆಲಸ ಮಾಡಿದ ನಾಯಿಗಳು. ಇಂಥ ಪ್ರಾಣಿಯನ್ನು ನಮ್ಮ ಕಡೆಯ ರೂಢಿಯಂತೆ ಹಗಲೆಲ್ಲ ಕಟ್ಟಿ ರಾತ್ರಿ ಬಿಟ್ಟರೆ, ಅದಕ್ಕೆ ಗೇಟು ಮತ್ತು ಗೇಟಿನಾಚೆ ಹಾಯುವ ಕಾಲುಗಳ ಹೊರತು ಬೇರೆ ಲೋಕವೇ ಇರುವುದಿಲ್ಲ. ಒಂದು ದಿನ ನಿಮ್ಮ ಮಗಳ ಗೆಳತಿ ಓಡುತ್ತ ಒಳಗೆ ಬಂದಾಗ ಅವಳು ಮನೆಗೆ ಬೇಕಾದವಳು ಎಂದು ಅದಕ್ಕೆ ತಿಳಿಯುವುದು ಹೇಗೆ? ಮನೆಮಂದಿಯ ನಡುವೆ ಬೆಳೆದ ನಾಯಿಗೆ ಕಾವಲು ಕಲಿಸಬೇಕಾಗಿಯೇ ಇಲ್ಲ. ರಾತ್ರಿ ಅಪರಿಚಿತ ಹೆಜ್ಜೆ ಕೇಳಿದರೆ ತಾನಾಗಿ ಎದ್ದು ನಿಲ್ಲುತ್ತದೆ, ನೀವು ಬೇಡವೆಂದರೆ ಸುಮ್ಮನಾಗುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ, ಒಂದು ಘಟನೆಯನ್ನು ನಾನು ಇಂದಿಗೂ ಮರೆತಿಲ್ಲ. ಗೌರಿಗೆ ಎರಡು ವರ್ಷವಾಗಿದ್ದಾಗ ಅಕ್ಕನ ನಾಲ್ಕು ವರ್ಷದ ಮಗ ಅವಳ ಊಟದ ತಟ್ಟೆಗೆ ಕೈ ಹಾಕಿದ. ಗೌರಿ ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ಅಗಿಯುವುದನ್ನು ನಿಲ್ಲಿಸಿದಳು, ತಲೆ ತಟ್ಟೆಯ ಮೇಲೆಯೇ ಇತ್ತು, ಮೈ ಕಲ್ಲಿನಂತೆ ಬಿಗಿಯಾಯಿತು, ಓರೆಗಣ್ಣಿನ ಬಿಳಿಭಾಗ ಕಂಡಿತು. ಆಮೇಲೆ ಗಂಟಲಲ್ಲಿ ಸಣ್ಣಗೆ ಗುರ್ ಎಂದಳು. ನಾನು ಕೂಗಾಡದೆ ಅವಳ ಹೆಸರು ಹಿಡಿದು ಕರೆದೆ, ಬಂದಳು, ಅಷ್ಟರಲ್ಲಿ ಅವ್ವ ಹುಡುಗನನ್ನು ಎತ್ತಿಕೊಂಡಳು. “ಹೊಡಿ ಅದಕ, ನಾಳಿಗಿ ಕೂಸಿಗಿ ಕಚ್ಚಿದ್ರ ಏನ್ ಮಾಡ್ತಿ?” ಎಂದು ಅಕ್ಕ ಗದರಿದಳು. ನಾನು ಹೊಡೆಯಲಿಲ್ಲ. ಗುರುಗುಟ್ಟುವುದು ನಾಯಿ ನಮಗೆ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ ಸಿಟ್ಟು ಉಳಿಯುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ, ಮುಂದಿನ ಸಲ ನೇರವಾಗಿ ಕಚ್ಚುತ್ತದೆ. ಅಂದಿನಿಂದ ಅವಳ ಊಟ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಿತು, ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸಬಾರದೆಂದು ಮಕ್ಕಳಿಗೆ ಹೇಳಿಕೊಟ್ಟೆವು, ದೊಡ್ಡವರಿಲ್ಲದಾಗ ಚಿಕ್ಕ ಮಕ್ಕಳನ್ನೂ ಅವಳನ್ನೂ ಒಂದೇ ಕೋಣೆಯಲ್ಲಿ ಬಿಡಲಿಲ್ಲ. ಅದೇ ಹುಡುಗ ಮುಂದೆ ಪ್ರತಿ ರಜೆಯಲ್ಲೂ ಅವಳ ಹೊಟ್ಟೆಗೆ ಒರಗಿಕೊಂಡು ಓದುತ್ತಿದ್ದ.

ತೂಕವನ್ನೂ ಯೋಚಿಸಿ. ಬೆಳೆದ ಗಂಡು ರಾಟ್‌ವೈಲರ್ 50ರಿಂದ 60 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 35ರಿಂದ 48 ಕಿಲೋ. ಪ್ರೀತಿಯಿಂದ ಮೈಮೇಲೆ ಹಾರಿದರೂ ನಿಮ್ಮ ತಾಯಿಯವರು ಬಿದ್ದುಬಿಡಬಹುದು. ಮರಿ ಐದಾರು ಕಿಲೋ ಇರುವಾಗಲೇ ಹಾರದಂತೆ, ಬೆಲ್ಟು ಎಳೆಯದಂತೆ ಕಲಿಸಬೇಕು, ಮನೆಯವರೆಲ್ಲರೂ ಒಂದೇ ಮಾತಿನಲ್ಲಿ ಕಲಿಸಬೇಕು. ಮೊದಲ ನಾಯಿಯಾದ್ದರಿಂದ ಹೆಣ್ಣನ್ನೇ ಆರಿಸಿ ಎನ್ನುತ್ತೇನೆ.

ಇನ್ನು ನಮ್ಮ ಊರಿನ ಬಿಸಿಲು. ನಾಯಿ ಕೊಳ್ಳುವವರು ಇದನ್ನೇ ಎಲ್ಲಕ್ಕಿಂತ ಕಡಿಮೆ ಯೋಚಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುವುದೇ ಅದರ ಮುಖ್ಯ ದಾರಿ. ಆದ್ದರಿಂದ ಮೂತಿ ಗಿಡ್ಡವಾಗಿರುವ ಬುಲ್‌ಮಾಸ್ಟಿಫ್, ಬಾಕ್ಸರ್ ತಳಿಗಳನ್ನು ಈ ಊರಿಗೆ ತರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಜರ್ಮನ್ ಶೆಫರ್ಡ್‌ಗೆ ಎರಡು ಪದರ ಕೂದಲು, ರಾಟ್‌ವೈಲರ್‌ಗೆ ಕಪ್ಪು ಮೈ. ಎರಡಕ್ಕೂ ಬೇಸಿಗೆ ಕಷ್ಟವೇ. ನಮ್ಮ ಅಂಗಳಗಳಲ್ಲಿ ಹಾಸಿರುವ ಶಹಾಬಾದಿ ಫರಸಿ ಮಧ್ಯಾಹ್ನ ಕಾದ ಹೆಂಚಿನಂತಾಗುತ್ತದೆ. ಅಂಗೈಯ ಹಿಂಭಾಗವನ್ನು ಅದರ ಮೇಲಿಟ್ಟು ಏಳರವರೆಗೆ ಎಣಿಸಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಗೌರಿ ಮೇ ತಿಂಗಳಿಡೀ ಹಗಲು ಬಚ್ಚಲುಮನೆಯಲ್ಲಿ, ಒದ್ದೆ ಗೋಣಿಚೀಲದ ಮೇಲೆ, ಹೊಟ್ಟೆ ನೆಲಕ್ಕಂಟಿಸಿ ಕಾಲು ಚಾಚಿ ಮಲಗಿರುತ್ತಿದ್ದಳು. ನಡಿಗೆ ಬೆಳಿಗ್ಗೆ ಆರಕ್ಕೆ ಮೊದಲು, ರಾತ್ರಿ ಎಂಟರ ನಂತರ ಮಾತ್ರ. ಜೊಲ್ಲು ಗಟ್ಟಿಯಾಗಿ, ನಾಲಿಗೆ ಕಡುಗೆಂಪಾಗಿ, ನಾಯಿ ತೂರಾಡತೊಡಗಿದರೆ ಅದು ಬಿಸಿಲಿನ ಹೊಡೆತ. ಅದರ ಮೈಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ತಕ್ಷಣ ನೆರಳಿಗೆ ತಂದು, ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಸುರಿಯುತ್ತ, ಫ್ಯಾನ್ ಹಾಕಿ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ.

ಒಳಗಿನ ನುಣುಪು ನೆಲವೂ ದೊಡ್ಡ ತಳಿಯ ಮರಿಗೆ ಒಳ್ಳೆಯದಲ್ಲ. ಈ ತಳಿಗಳಲ್ಲಿ ಸೊಂಟದ ಕೀಲಿನ ದೋಷ ಮೊದಲೇ ಹೆಚ್ಚು, ಜಾರಿ ಬೀಳುವುದರಿಂದ ಅದು ಇನ್ನಷ್ಟು ಕೆಡುತ್ತದೆ. ಓಡಾಡುವಲ್ಲಿ ಜಮಖಾನ ಹಾಸಿ. ಬರೀ ಜೋಳದ ರೊಟ್ಟಿ, ಹಾಲಿನ ಮೇಲೆ ಇಂಥ ನಾಯಿ ಬೆಳೆಯಲಾರದು, ಮೊಟ್ಟೆ ಅಥವಾ ಮಾಂಸ ಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಶೇಂಗಾ ಹಿಂಡಿ ಹಾಕಬಾರದು. ಬೇಗ ಬೆಳೆಯಲೆಂದು ಕ್ಯಾಲ್ಸಿಯಂ ಔಷಧಿಯನ್ನು ನೀವಾಗಿಯೇ ಕುಡಿಸಬೇಡಿ, ಅತಿಯಾದರೆ ಎಲುಬು ಸೊಟ್ಟಗಾಗುತ್ತದೆ. ರಕ್ತ ಹೀರುವ ಉಣ್ಣಿಗಳಿಂದ ಜ್ವರ ಬರುವುದರಿಂದ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ದಿನವೂ ನೋಡಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲ ಸಲ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ.

ಕಾನೂನಿನ ಬಗ್ಗೆಯೂ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್ ಸೇರಿದಂತೆ 23 ತಳಿಗಳನ್ನು ತಡೆಯುವಂತೆ ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆದರೂ ನಿಮ್ಮ ನಾಯಿ ಬೇರೆಯವರಿಗೆ ಕಚ್ಚಿದರೆ ಹೊಣೆ ನಿಮ್ಮದೇ.

ದಿನಕ್ಕೆ ಎರಡು ಗಂಟೆ ಕೊಡಲು ಆಗದಿದ್ದರೆ, ಅಥವಾ ಬಿಸಿಲಿನ ಚಿಂತೆ ಕಾಡಿದರೆ, ಮುಧೋಳವನ್ನೂ ನೋಡಿ. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತ್ತು. ನಮ್ಮ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಮೈ ಹಗುರ, ಕೂದಲು ಗಿಡ್ಡ, ನಮ್ಮ ಬಿಸಿಲಿಗೆ ಒಗ್ಗಿದ್ದು. ಆದರೆ ಮಕ್ಕಳು ಅಪ್ಪಿ ಹಿಸುಕಿದರೆ ಇದಕ್ಕೆ ಹಿಡಿಸದು, ಹೊರಗಿನವರನ್ನು ದೂರದಿಂದಲೇ ನೋಡುತ್ತದೆ, ಮೇಕೆಮರಿ ಓಡಿದರೆ ಬೆನ್ನು ಹತ್ತುತ್ತದೆ. ಆರು ವರ್ಷದ ಮಗುವಿನ ಜೊತೆ ಹೊರಳಾಡಲು ಗೌರಿಯಂಥವಳೇ ಮೇಲು.

ಕೊಳ್ಳುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬೇರೆ ಊರಿನ ಒಬ್ಬ ಮಾರಾಟಗಾರನಿಂದ 35 ದಿನದ ಮರಿಯನ್ನು, ತಾಯಿಯನ್ನು ನೋಡದೆಯೇ ತಂದಿದ್ದೆ. ಎಷ್ಟು ಗಟ್ಟಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಜೊತೆಗಿನ ಆಟದಲ್ಲಿ. ಗೌರಿಗೆ ಅದು ಸಿಗಲಿಲ್ಲ, ಎಂಟು ತಿಂಗಳಾಗುವವರೆಗೂ ನಮ್ಮ ಮುಂಗೈಗಳಲ್ಲಿ ಗೀರು ತಪ್ಪಲಿಲ್ಲ. ಎಂಟು ವಾರ ತುಂಬಿದ ಮರಿಯನ್ನೇ ತನ್ನಿ, ತಾಯಿಯ ಪಕ್ಕದಲ್ಲಿ ಕುಳಿತು ಅದು ನಿಮ್ಮನ್ನು ಹೇಗೆ ಬರಮಾಡಿಕೊಳ್ಳುತ್ತದೆಂದು ನೋಡಿ. ದೀಪಾವಳಿಯ ಪಟಾಕಿ ಮುಗಿದ ಮೇಲೆ, ನವೆಂಬರ್ ನಡುವಿನಲ್ಲಿ ತಂದರೆ ಸಂಕ್ರಾಂತಿಯ ಹೊತ್ತಿಗೆ ಮೊದಲ ಲಸಿಕೆಗಳು ಮುಗಿಯುತ್ತವೆ. ಅಲ್ಲಿಯವರೆಗೆ ನೆಲಕ್ಕಿಳಿಸದೆ, ಎತ್ತಿಕೊಂಡೇ ಹೊರಗೆ ಒಯ್ದು ತರಕಾರಿ ಗಾಡಿ, ಆಟೊ, ಟೋಪಿ ಹಾಕಿದವರು, ಶಾಲೆ ಬಿಟ್ಟ ಮಕ್ಕಳು, ಎಲ್ಲವನ್ನೂ ತೋರಿಸಿ. ಬಿಸಿಲು ಏರುವಷ್ಟರಲ್ಲಿ ಮರಿಗೆ ಏಳು ತಿಂಗಳಾಗಿರುತ್ತದೆ.