ಬಾರ್ಸಿಲೋನಾದಿಂದ ಮ್ಯಾಡ್ರಿಡ್‌ಗೆ ಹೋಗುವಾಗ ಸ್ಪೇನಿನ ‘ಭೂತದ ಊರಿ’ನಲ್ಲಿ ಒಂದು ರಾತ್ರಿ ತಂಗಬಹುದೇ?

ತಂಗಬಹುದು. ಆದರೆ ನೀವು ಅಂದುಕೊಂಡಿರುವ ಹಾಗೆ ಅಲ್ಲ. ಜನ ಬಿಟ್ಟುಹೋಗಿ, ಆಮೇಲೆ ಯಾರೋ ಎತ್ತಿ ನಿಲ್ಲಿಸಿದ ಬೆಟ್ಟದ ಹಳ್ಳಿಯೊಂದರಲ್ಲಿ ಒಂದೇ ಒಂದು ರಾತ್ರಿ, ಸಾಧ್ಯವಾದಷ್ಟು ನಿರ್ಜನವಾಗಿರಬೇಕು, ಫೋಟೊ ಚೆನ್ನಾಗಿ ಬರಬೇಕು ಎಂದು ಕೇಳಿದ್ದೀರಿ, ಗ್ರಾನಾದೀಯಾ ಎಂಬ ಊರನ್ನೂ ಹೆಸರಿಸಿದ್ದೀರಿ. ಬಾರ್ಸಿಲೋನಾದಲ್ಲಿ ಕೆಲಸದಲ್ಲಿದ್ದಾಗ ನನ್ನ ತಲೆಯಲ್ಲಿಯೂ ಇದೇ ಪಟ್ಟಿ ಇತ್ತು. ಜೊತೆಗೆ ಸಾಗರದಿಂದ ಅಮ್ಮ ಬಂದಿದ್ದರು.

ಅಮ್ಮ ಲಿಂಗನಮಕ್ಕಿ ಮುಳುಗಡೆಯವರು. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿನ್ನೂ ಪ್ರಾಥಮಿಕ ಶಾಲೆಯ ಹುಡುಗಿ. ಅವರನ್ನು ಸಾಗ್ರಾದಾ ಫಮೀಲಿಯಾ ಚರ್ಚಿಗೆ ಕರೆದುಕೊಂಡು ಹೋದರೆ ‘ಇನ್ನೂ ಮುಗಿದಿಲ್ಲವಲ್ಲ’ ಎಂದು ವಾಪಸು ಬಂದಿದ್ದರು. ಹಾಗಾಗಿ ಪಿರೆನೀಸ್ ಬೆಟ್ಟಗಳ ಕಡೆ ಹೊರಟೆ. ವೆಸ್ಕಾ ಪ್ರಾಂತದ ಸೊಬ್ರಾರ್ಬೆ ಸೀಮೆಯಲ್ಲಿ, ಐನ್ಸಾ ಪಟ್ಟಣದ ಹತ್ತಿರ, ಮೊರಿಯೊ ದೆ ತೋವ್ ಎಂಬ ಹಳ್ಳಿಯಿದೆ. ಕೆಳಗಿನ ಮೆದಿಯಾನೊ ಜಲಾಶಯಕ್ಕೆ ಗದ್ದೆ ತೋಟ ಹೋದ ಮೇಲೆ ಅಲ್ಲಿನವರು ಮನೆ ಬಿಟ್ಟರು. ಮನೆಗಳು ಮುಳುಗಲಿಲ್ಲ, ಮೇಲೆಯೇ ಉಳಿದವು. ಅನ್ನ ಕೊಡುವ ನೆಲ ಹೋದ ಮೇಲೆ ಮಾಡು ಇದ್ದು ಏನು ಪ್ರಯೋಜನ? 1980ರ ದಶಕದ ನಡುವಿನಲ್ಲಿ ಕೊಮಿಸಿಯೊನೆಸ್ ಒಬ್ರೆರಾಸ್ ಎಂಬ ಕಾರ್ಮಿಕ ಸಂಘಟನೆ ಆ ಹಾಳೂರನ್ನು ವಹಿಸಿಕೊಂಡು, ಕಲ್ಲಿನ ಮೇಲೆ ಕಲ್ಲಿಟ್ಟು ರಜೆಯ ತಾಣವನ್ನಾಗಿ ಮಾಡಿತು. ಅದೇ ರಸ್ತೆಯಲ್ಲಿ ಇನ್ನಷ್ಟು ಕೆಳಗೆ, ಎಲ್ ಗ್ರಾದೊ ಜಲಾಶಯದ ದಡದ ಲಿಗ್ವೆರೆ ದೆ ಥಿಂಕಾ ಹಳ್ಳಿಯನ್ನು ಇನ್ನೊಂದು ಕಾರ್ಮಿಕ ಸಂಘಟನೆ ಹೀಗೆಯೇ ಎತ್ತಿ ನಿಲ್ಲಿಸಿದೆ. ಒಂದೇ ನದಿ, ಎರಡು ಅಣೆಕಟ್ಟು, ಎರಡು ಯೂನಿಯನ್.

ಈಗ ನನ್ನ ದಡ್ಡತನಕ್ಕೆ ಬರುತ್ತೇನೆ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಂಭವ ಹೆಚ್ಚು.

ಕಾರು ಹತ್ತಿ ಮೊಬೈಲಿನ ನಕ್ಷೆಯಲ್ಲಿ ‘ಮೊರಿಯೊ’ ಎಂದಷ್ಟೇ ಬರೆದೆ. ಮೊದಲು ಬಂದ ಹೆಸರನ್ನು ಒತ್ತಿದೆ. ಆ ಸೀಮೆಯ ಸುತ್ತಮುತ್ತ ಮೊರಿಯೊ ಎನ್ನುವ ಊರು ಒಂದಲ್ಲ. ಮೊರಿಯೊ ದೆ ಮೊನ್‌ಕ್ಲೂಸ್ ಇದೆ, ಮೊರಿಯೊ ದೆ ಸಾಂಪಿಯೆತ್ರೊ ಇದೆ, ಮೊರಿಯೊ ದೆ ಲಿಯೆನಾ ಇದೆ. ಲಿಯೆನಾ ಇರುವುದು ಪಕ್ಕದ ಎಸೆರಾ ನದಿಯ ಕಣಿವೆಯಲ್ಲಿ. ನಾನು ಒತ್ತಿದ್ದು ಅದನ್ನು. ಸರಿಯಾದ ದಾರಿ ಯೇಯ್ದಾ ಪಟ್ಟಣದಿಂದ ಬರ್ಬಾಸ್ತ್ರೊ, ಅಲ್ಲಿಂದ ಎ-138 ಹಿಡಿದು ಥಿಂಕಾ ನದಿಯ ಪಕ್ಕದಲ್ಲೇ ಉತ್ತರಕ್ಕೆ. ನಕ್ಷೆ ನನ್ನನ್ನು ಬರ್ಬಾಸ್ತ್ರೊಗಿಂತ ಮೊದಲೇ ಬಲಕ್ಕೆ ತಿರುಗಿಸಿ ಗ್ರೌಸ್ ಕಡೆ ಕಳಿಸಿತು. ಗ್ರೌಸ್ ಬಂದಾಗಲಾದರೂ ಅನುಮಾನ ಬರಬೇಕಿತ್ತು. ಹಿಂದಿನ ರಾತ್ರಿ ನೋಡಿಕೊಂಡಿದ್ದ ಯಾವ ಊರಿನ ಹೆಸರೂ ಫಲಕಗಳಲ್ಲಿ ಇರಲಿಲ್ಲ. ಮೆದಿಯಾನೊ ಜಲಾಶಯ ಸಿಗಬೇಕಿತ್ತು, ಸಿಗಲಿಲ್ಲ. ಅಮ್ಮ ಒಮ್ಮೆ ‘ನೀರು ಎಲ್ಲಿ?’ ಎಂದು ಕೇಳಿದರು. ‘ಮುಂದೆ ಬರುತ್ತದೆ’ ಎಂದೆ. ಯಂತ್ರ ಇಷ್ಟು ಧೈರ್ಯವಾಗಿ ಹೇಳುವಾಗ ಅಮ್ಮನ ಮಾತು ಯಾರು ಕೇಳುತ್ತಾರೆ?

ಲಿಯೆನಾ ತಲುಪಿದಾಗ ಸಂಜೆ. ಜನ ವಾಸವಿರುವ, ಬಟ್ಟೆ ಒಣಹಾಕಿರುವ, ನಾಯಿ ಬೊಗಳುವ ಸಾಮಾನ್ಯ ಊರು. ಕಾಯ್ದಿರಿಸಿದ ಮನೆಯ ಹೆಸರನ್ನು ಒಬ್ಬರಿಗೆ ತೋರಿಸಿದೆ. ಅವರು ನಗಲಿಲ್ಲ, ಬೆಟ್ಟದ ಕಡೆ ಕೈ ತೋರಿಸಿ ಐನ್ಸಾ ಎಂದರು. ಅಲ್ಲಿಂದ ಐನ್ಸಾಗೆ ಬೆಟ್ಟ ದಾಟಿಸುವುದು ಎನ್-260 ರಸ್ತೆ. ನಕ್ಷೆಯಲ್ಲಿ ಬೆರಳಗಲ, ನೆಲದ ಮೇಲೆ ತಿರುವೇ ತಿರುವು. ಕತ್ತಲಾಗಿತ್ತು, ನನಗೆ ಆ ದೇಶದ ಬಲಬದಿಯ ಚಾಲನೆ ಇನ್ನೂ ಕೈಗೆ ಕೂತಿರಲಿಲ್ಲ, ಅಮ್ಮನಿಗೆ ತಿರುವಿನಲ್ಲಿ ಹೊಟ್ಟೆ ತೊಳಸಿತು. ಮೊರಿಯೊ ದೆ ತೋವ್ ಮುಟ್ಟುವಾಗ ಸ್ವಾಗತ ಕಚೇರಿಯ ದೀಪ ಆರಿತ್ತು. ಯಾವ ಹೊತ್ತಿನೊಳಗೆ ಬರಬೇಕು ಎಂದು ಅವರ ಪತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು, ನಾನು ಓದಿರಲಿಲ್ಲ. ಅದೂ ಭಾನುವಾರ. ಅಂಗಡಿ ಎಲ್ಲವೂ ಮುಚ್ಚಿತ್ತು, ಕಾರಿನಲ್ಲಿ ತಿನ್ನಲು ಇದ್ದದ್ದು ಅಮ್ಮ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಮಾತ್ರ. ಐನ್ಸಾಗೆ ಹೋಗಿ, ಸಿಕ್ಕಿದ ಒಂದೇ ಕೋಣೆಗೆ ಕೇಳಿದಷ್ಟು ಹಣ ಕೊಟ್ಟೆ. ಹಳ್ಳಿಯ ಮನೆಗೆ ಮೊದಲೇ ಕಟ್ಟಿದ್ದ ಒಂದು ರಾತ್ರಿಯ ಹಣವೂ ಹೋಯಿತು.

ಹಣ ಹೋಗಲಿ. ಹೋದದ್ದು ಸಂಜೆ. ಇಂಥ ಊರುಗಳಲ್ಲಿ ನೋಡಬೇಕಾದದ್ದೇ ಸಂಜೆ ಮತ್ತು ಬೆಳಗ್ಗೆ. ನಡುಹಗಲಲ್ಲಿ ಅವು ಬೇರೆ ಯಾವ ಪ್ರವಾಸಿ ತಾಣಕ್ಕಿಂತಲೂ ಭಿನ್ನವಲ್ಲ. ಆದ್ದರಿಂದ ಪೂರ್ತಿ ಹೆಸರು ಬರೆಯಿರಿ, ಪಕ್ಕದಲ್ಲಿ ಐನ್ಸಾ ಎಂದೂ ಸೇರಿಸಿ, ಹೊರಡುವ ಮುಂಚೆ ದಾರಿಯ ಊರುಗಳನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಬರ್ಬಾಸ್ತ್ರೊ ದಾಟದೆ ಬಲಕ್ಕೆ ತಿರುಗಿದರೆ ಗಾಡಿ ನಿಲ್ಲಿಸಿ. ಬರ್ಬಾಸ್ತ್ರೊದಲ್ಲೇ ಅಕ್ಕಿ, ಬೇಳೆ, ತರಕಾರಿ ಕೊಂಡುಕೊಳ್ಳಿ, ಅದನ್ನು ಶನಿವಾರದೊಳಗೆ ಮಾಡಿ. ಸಸ್ಯಾಹಾರಿಯಾದರೆ ಇನ್ನೂ ಮುಖ್ಯ: ಅಲ್ಲಿನ ಹೋಟೆಲುಗಳಲ್ಲಿ ಸಲಾಡ್ ಎಂದರೆ ಮೇಲೊಂದು ಮುಷ್ಟಿ ಟ್ಯೂನಾ ಮೀನು ಬಿದ್ದಿರುತ್ತದೆ.

ಮರುದಿನ ಕೊನೆಗೂ ಹಳ್ಳಿಯ ಒಳಗೆ ಹೋದೆವು. ನಿಮ್ಮ ನಿರ್ಜನತೆಯ ಆಸೆಗೆ ಇಲ್ಲಿಯೇ ಪೆಟ್ಟು ಬೀಳುತ್ತದೆ. ಈಜುಕೊಳ ಇದೆ. ಗುಡಾರ ಹಾಕುವ ಜಾಗ ಇದೆ. ಮಕ್ಕಳು ಸೈಕಲ್ ಓಡಿಸುತ್ತಿರುತ್ತಾರೆ. ಬೆನ್ನಿಗೆ ಪೆನ್ಯಾ ಮೊಂತಾನ್ಯೇಸಾ ಎಂಬ ಬೂದುಬಣ್ಣದ ಕಡಿದಾದ ಬೆಟ್ಟ, ಎತ್ತರ 2,295 ಮೀಟರ್. ನನಗೆ ಈಜುಕೊಳ ನೋಡಿ ನಿರಾಸೆಯಾಯಿತು, ಮೋಸಹೋದೆ ಅನ್ನಿಸಿತು. ಅಮ್ಮನಿಗೆ ಹಾಗೇನೂ ಇಲ್ಲ. ಅವರು ಚಪ್ಪಲಿ ಬಿಟ್ಟು ಮನೆಯೊಳಗೆ ಹೋಗಿ, ನೆಲಮಹಡಿಯ ಗೋಡೆ ಮುಟ್ಟಿ ನೋಡಿ, ‘ಇದು ಕೊಟ್ಟಿಗೆ’ ಎಂದರು. ನಿಜ. ಆ ಕಡೆಯ ಹಳೆಯ ಮನೆಗಳಲ್ಲಿ ಕೆಳಗೆ ದನ, ಹೇಸರಗತ್ತೆ, ಮೇಲೆ ಜನ. ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಬ್ಬಿಣದ ಬಳೆಯೊಂದು ಇನ್ನೂ ಇತ್ತು, ಹಗ್ಗ ಉಜ್ಜಿ ಉಜ್ಜಿ ಒಳಬದಿ ಸವೆದು ತೆಳ್ಳಗಾಗಿತ್ತು. ಅಮ್ಮ ಒದ್ದೆ ಟವೆಲನ್ನು ಅದಕ್ಕೇ ಸಿಕ್ಕಿಸಿದರು.

ಆಮೇಲೆ ಮಾಡು ನೋಡಲು ಹೊರಗೆ ಬಂದರು. ಆ ಸೀಮೆಯ ಮನೆಗಳಿಗೆ ಹಂಚಲ್ಲ, ಕಲ್ಲುಚಪ್ಪಡಿ ಹೊದಿಸುವ ಸಂಪ್ರದಾಯ. ಹೊಗೆಗೂಡು ದುಂಡಗೆ, ಮೇಲಕ್ಕೆ ಹೋದಂತೆ ಸಪೂರ. ಅದರ ನೆತ್ತಿಯ ಮೇಲೆ ಒಂದು ವಿಚಿತ್ರ ಕಲ್ಲು ಕೂರಿಸಿರುತ್ತಾರೆ, ಮಾಟಗಾತಿಯರು ಹೊಗೆಗೂಡಿನಿಂದ ಇಳಿಯಬಾರದು ಎಂದು. ಇದನ್ನು ಹೇಳಿದಾಗ ಅಮ್ಮ ಒಪ್ಪಿಗೆಯಿಂದ ತಲೆಯಾಡಿಸಿದರು. ಅವರ ಮುಂದಿನ ಪ್ರಶ್ನೆ ಬೇರೆ ಇತ್ತು: ‘ಈ ಊರಿನವರಿಗೆ ಜಮೀನು ಎಲ್ಲಿ ಕೊಟ್ಟರು?’

ಪ್ರವಾಸಿ ಪುಸ್ತಕ ಓದಿಕೊಂಡು ಹೋಗಿದ್ದ ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಮುಳುಗಡೆ ಮನೆಯಲ್ಲಿ ಹುಟ್ಟಿದವರಿಗೆ ಮೊದಲು ಹೊಳೆಯುವುದೇ ಅದು. ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಜನ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷವಾದರೂ ಅಲೆಯುತ್ತಿದ್ದಾರೆ. ಇಲ್ಲಿನವರು ಪರಿಹಾರದ ಹಣ ತೆಗೆದುಕೊಂಡು ಸರಗೋಸಾ, ಬಾರ್ಸಿಲೋನಾದಂಥ ನಗರಗಳ ಕಾರ್ಖಾನೆಗಳ ದಾರಿ ಹಿಡಿದರು. ಫ್ರಾಂಕೊ ಕಾಲದ ಸರ್ವಾಧಿಕಾರದಲ್ಲಿ ಇಲ್ಲ ಎನ್ನುವ ಆಯ್ಕೆ ಇರಲಿಲ್ಲ.

ಮೆದಿಯಾನೊ ಜಲಾಶಯದ ದಡಕ್ಕೆ ಹೋದದ್ದು ಅಂದು ಸಂಜೆ. ನೀರಿನ ನಡುವೆ ಚರ್ಚಿನ ಗೋಪುರ ಒಂದೇ ನಿಂತಿರುತ್ತದೆ, ನೀವು ಚಿತ್ರ ನೋಡಿರಬಹುದು. ಅಣೆಕಟ್ಟು ಮುಗಿದು ವರ್ಷಗಳೇ ಕಳೆದಿದ್ದರೂ ಮೆದಿಯಾನೊ ಊರಿನಲ್ಲಿ ಜನ ಇದ್ದರು. 1969ರ ವಸಂತದಲ್ಲಿ ನೀರು ಏಕಾಏಕಿ ಏರಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಬೇಕಾಯಿತು. ಅಮ್ಮ ಗೋಪುರ ನೋಡಿ ಕಣ್ಣೀರು ಹಾಕುತ್ತಾರೆ ಎಂದು ನಾನು ಒಳಗೊಳಗೆ ಸಿದ್ಧನಾಗಿದ್ದೆ, ಮೊಬೈಲ್ ಕೂಡ ಕೈಯಲ್ಲಿ ಹಿಡಿದಿದ್ದೆ. ಅವರು ಹಾಕಲಿಲ್ಲ. ಬೇಸಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆದ್ದು ಬರುವುದನ್ನು ಹೇಳಿದರು, ಅದನ್ನು ನೋಡಲು ಜನ ದೋಣಿ ಮಾಡಿಕೊಂಡು ಹೋಗುವುದನ್ನು ಹೇಳಿದರು, ಹಾಗೆ ಹೋದವರು ತಿಂಡಿಪೊಟ್ಟಣ ಎಸೆದು ಬರುವುದಕ್ಕೆ ಬೈದರು. ಚಳಿಯಾಗುತ್ತಿದೆ ಎಂದು ಕಾರಿಗೆ ಹೋಗಿ ಕುಳಿತರು.

ಹಾನೊವಾಸ್‌ಗೆ ಹೋಗದೆ ಈ ಸೀಮೆ ಬಿಡಬೇಡಿ. ಐನ್ಸಾದಿಂದ ಬೊಲ್ತಾನ್ಯಾ ದಾಟಿ ಆರಾ ನದಿಯ ಗುಂಟ ಹೋದರೆ ಆಚೆ ದಡದಲ್ಲಿ ಕಾಣುತ್ತದೆ. ನಡೆದು ಹೋಗಲು ತೂಗುಸೇತುವೆಯಿದೆ. 1960ರ ದಶಕದಲ್ಲಿ ಅಣೆಕಟ್ಟಿಗೆಂದು ಅಲ್ಲಿನವರನ್ನು ಎಬ್ಬಿಸಿದರು, ಹಿಂತಿರುಗಬಾರದೆಂದು ಮನೆಗಳನ್ನು ಡೈನಮೈಟ್ ಇಟ್ಟು ಉರುಳಿಸಿದರು. ಕೊನೆಯ ಕುಟುಂಬ ಜಗ್ಗದೆ ಕುಳಿತು 1984ರಲ್ಲಿ ಹೊರಬಿತ್ತು. ಆ ಅಣೆಕಟ್ಟು ಕಟ್ಟಲೇ ಇಲ್ಲ. ಪರಿಸರಕ್ಕೆ ಆಗುವ ಹಾನಿಯ ಕಾರಣಕ್ಕೆ 2001ರಲ್ಲಿ ಯೋಜನೆಗೆ ತಡೆ ಬಿತ್ತು. ಚರ್ಚಿನ ಕೆತ್ತನೆಯ ಬಾಗಿಲುವಾಡ ಪಕ್ಕದ ಫಿಸ್ಕಾಲ್ ಊರಿನ ಚರ್ಚಿಗೆ ಸ್ಥಳಾಂತರವಾಗಿದೆ. ಈಗ ಹಳಬರ ಮಕ್ಕಳು ಮೊಮ್ಮಕ್ಕಳು ಆಸ್ತಿ ಮರಳಿ ಪಡೆಯುತ್ತ, ಮನೆಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದಾರೆ. ಸಿಮೆಂಟ್ ಚೀಲ, ಮರದ ತೊಲೆ, ಅರ್ಧ ಎದ್ದ ಗೋಡೆ. ಅಲ್ಲಿ ತಂಗುವ ಯೋಚನೆ ಬೇಡ, ನಡೆದು ನೋಡಿ ಬನ್ನಿ. ಯಾರಾದರೂ ಕೆಲಸದಲ್ಲಿದ್ದರೆ ನಮಸ್ಕಾರ ಹೇಳಿ.

ಆದ್ದರಿಂದ ‘ಭೂತದ ಊರು’ ಎಂದು ಹುಡುಕುವುದನ್ನು ಬಿಡಿ ಎನ್ನುತ್ತೇನೆ. ಆ ಊರುಗಳನ್ನು ದೆವ್ವ ಖಾಲಿ ಮಾಡಿಸಲಿಲ್ಲ, ಸರ್ಕಾರಿ ಕಾಗದ ಖಾಲಿ ಮಾಡಿಸಿತು. ಹೊರಗಿನವರು ಯಾರಾದರೂ ಶರಾವತಿ ಹಿನ್ನೀರಿಗೆ ಬಂದು ಅದೇ ಮಾತು ಹೇಳಿದರೆ ನಿಮಗೆ ಹೇಗಾಗುತ್ತದೆ? ಈಜುಕೊಳ ಇರುವ ಹಳ್ಳಿ ನಕಲಿ, ಕುಸಿದ ಗೋಡೆಯದ್ದು ಅಸಲಿ ಎಂಬ ಲೆಕ್ಕವನ್ನೂ ನಾನು ಈಗ ಒಪ್ಪುವುದಿಲ್ಲ. ಮಾಡು ಸೋರದ ಹಾಗೆ ನೋಡಿಕೊಳ್ಳಲು ಯಾರೋ ದುಡ್ಡು ದುಡಿಯಬೇಕು. ನನ್ನ ತಕರಾರು ಬೇರೆಯದು: ಅಷ್ಟು ಚೆಂದ ಕಟ್ಟಿರುವ ಊರಿನಲ್ಲಿ ಇಂಥ ಮನೆಯವರು ಇಲ್ಲಿದ್ದರು ಎಂದು ಪ್ರತಿ ಬಾಗಿಲಿಗೂ ಒಂದು ಹೆಸರು ಬರೆದಿದ್ದರೆ ಏನು ಹೋಗುತ್ತಿತ್ತು?

ನೀವು ಹೆಸರಿಸಿರುವ ಗ್ರಾನಾದೀಯಾ ಬೇಡ. ಅದೂ ಜಲಾಶಯಕ್ಕಾಗಿ ಖಾಲಿಯಾದ ಊರೇ, ಕೊನೆಯವರು ಹೊರಟದ್ದು ನಮ್ಮ ಲಿಂಗನಮಕ್ಕಿ ಮುಗಿದ 1964ರಲ್ಲೇ. ಆದರೆ ಶಾಲಾ ಮಕ್ಕಳು ಬಂದು ದುರಸ್ತಿ ಕಲಿಯುವ ಸರ್ಕಾರಿ ಯೋಜನೆಯ ಊರದು. ಪ್ರವಾಸಿಗರು ಹಗಲು ನೋಡಿ ಹೊರಡಬೇಕು, ತಂಗಲು ಆಗುವುದಿಲ್ಲ. ನಿಮ್ಮ ದಾರಿಗೂ ಅದು ಬಹಳ ದೂರ, ಪೋರ್ಚುಗಲ್ ಕಡೆಯ ಕಾಸೆರೆಸ್ ಪ್ರಾಂತದಲ್ಲಿದೆ. ಮುಂದೆ ಎಂದಾದರೂ ದಕ್ಷಿಣದ ಮಾಲಗಾ ಕಡೆ ಹೋದರೆ ಫ್ರಿಹಿಲಿಯಾನಾ ಹತ್ತಿರದ ಎಲ್ ಅಥೆಬುಚಾಲ್ ನೋಡಿ. ಫ್ರಾಂಕೊ ವಿರೋಧಿ ಗೆರಿಲ್ಲಾಗಳಿಗೆ ಅನ್ನ ಹಾಕುತ್ತಾರೆಂಬ ಶಂಕೆಯ ಮೇಲೆ 1948ರಲ್ಲಿ ಪೊಲೀಸರು ಖಾಲಿ ಮಾಡಿಸಿದ ಊರು. ಅಲ್ಲಿನದೇ ಒಂದು ಕುಟುಂಬ 1998ರಲ್ಲಿ ಮರಳಿ ಬಂದು ಮನೆಗಳನ್ನು ಎತ್ತಿತು. ಬಾಡಿಗೆ ಮನೆಗಳಿವೆ, ಊಟದ ಜಾಗವೂ ಇದೆ.

ಇನ್ನು ಬಾರ್ಸಿಲೋನಾದಿಂದ ಮ್ಯಾಡ್ರಿಡ್‌ಗೆ ‘ದಾರಿಯಲ್ಲಿ’ ಎಂದಿದ್ದೀರಿ. ಐನ್ಸಾ ದಾರಿಯಲ್ಲಿಲ್ಲ, ಹೆದ್ದಾರಿ ಬಿಟ್ಟು ಫ್ರಾನ್ಸ್ ಗಡಿಯ ಕಡೆ ಏರಬೇಕು. ಒಂದು ರಾತ್ರಿಗೆ ಹೋಗುವುದಾದರೆ ಹೋಗಲೇಬೇಡಿ, ಆ ಹಣದಲ್ಲಿ ಸರಗೋಸಾದಲ್ಲಿ ಉಳಿದು ರೈಲು ಹಿಡಿಯಿರಿ. ಎರಡು ರಾತ್ರಿ ಇದ್ದರೆ ಕಾರು ಬಾಡಿಗೆಗೆ ತೆಗೆದುಕೊಳ್ಳಿ, ಬಸ್ಸನ್ನು ನಂಬಿದರೆ ನನ್ನಂತೆಯೇ ಕತ್ತಲಲ್ಲಿ ನಿಲ್ಲುತ್ತೀರಿ. ಆಗಸ್ಟ್‌ನಲ್ಲಿ ಇಡೀ ಸ್ಪೇನ್ ರಜೆಯಲ್ಲಿರುತ್ತದೆ, ಆಗ ಬೇಡ. ಜೂನ್‌ನಲ್ಲಿ ಹಿಮ ಕರಗಿದ ನೀರಿನಿಂದ ಮೆದಿಯಾನೊ ತುಂಬಿ ಗೋಪುರದ ತುದಿ ಮಾತ್ರ ಕಾಣುವ ಸಂಭವವಿದೆ. ಕೆಳಗಿನ ಬಯಲಿನ ಹೊಲಗಳಿಗೆ ಬೇಸಗೆಯಿಡೀ ನೀರು ಬಿಟ್ಟ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮಳೆ ಕಡಿಮೆಯಾದ ವರ್ಷಗಳಲ್ಲಿ ಚರ್ಚು ಬುಡದವರೆಗೆ ತೆರೆದುಕೊಂಡು ಸುತ್ತಲಿನ ಮನೆಗಳ ಅಡಿಪಾಯವೂ ಕಾಣುತ್ತದೆ. ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ, ಫೋಟೊಗಾಗಿ ತೀರಾ ಹತ್ತಿರ ಇಳಿಯಬೇಡಿ.