ಪ್ರತಿ ವರ್ಷ ಚರ್ಮದ ಕ್ಯಾನ್ಸರ್ ತಪಾಸಣೆ ಮಾಡಿಸಬೇಕೇ? ಮೊದಲು ಅಂಗಾಲು ನೋಡಿಕೊಳ್ಳಿ

ನೀವು ಮುಂಬೈ ಪಕ್ಕದ ಠಾಣೆ ನಗರದಲ್ಲಿದ್ದೀರಿ, ವಯಸ್ಸು 38, ಮೈಮೇಲೆ ಮಚ್ಚೆಗಳು ಬಹಳ ಎಂದು ಬರೆದಿದ್ದೀರಿ. ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಆಸ್ಟ್ರೇಲಿಯಾದವರೊಬ್ಬರು ವರ್ಷಕ್ಕೊಮ್ಮೆ ಚರ್ಮ ತಜ್ಞರ ಬಳಿ ಕ್ಯಾನ್ಸರ್ ತಪಾಸಣೆಗೆ ಹೋಗುತ್ತಾರೆ. ನಮ್ಮಂಥ ಕಂದು ಮೈಬಣ್ಣದವರಿಗೂ ಅದು ಬೇಕೇ ಎಂಬುದು ನಿಮ್ಮ ಪ್ರಶ್ನೆ.

ನಾನು ವೈದ್ಯನಲ್ಲ, ಡೊಂಬಿವಲಿಯಲ್ಲಿ ಲೆಕ್ಕ ಬರೆಯುವವನು. ಆದರೆ ಈ ಕಾಯಿಲೆ ನಮ್ಮ ಮನೆಗೆ ಬಂದು ಹೋಗಿದೆ. ಮಾಟುಂಗಾದ ಹೋಟೆಲೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದ ನನ್ನ ದೊಡ್ಡಪ್ಪನ ಹಿಮ್ಮಡಿಯ ಪಕ್ಕದಲ್ಲಿ ಹುಣಸೆ ಬೀಜದಷ್ಟು ಕಪ್ಪು ಗುರುತೊಂದು ಕಾಣಿಸಿಕೊಂಡಿತು. ನಾವೆಲ್ಲ ಆಣಿ ಎಂದೇ ತಿಳಿದೆವು. ಔಷಧದ ಅಂಗಡಿಯಿಂದ ಆಣಿಯ ಪಟ್ಟಿ ತಂದು ಕೊಟ್ಟವನು ನಾನೇ. ಅದರಿಂದ ಹೋಗದಿದ್ದಾಗ ಒಂದು ದವಾಖಾನೆಯಲ್ಲಿ ಎರಡು ಸಲ ಸುಟ್ಟು ತೆಗೆದರು. ಸುಡುವ ಮುನ್ನ ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಿಲ್ಲ. ಕಳುಹಿಸಬೇಕೆಂದು ಕೇಳುವ ತಿಳಿವಳಿಕೆ ನಮಗೂ ಇರಲಿಲ್ಲ. ಹದಿನಾಲ್ಕು ತಿಂಗಳ ಬಳಿಕ ತೊಡೆಸಂದಿಯಲ್ಲಿ ಗಂಟು ಕೈಗೆ ಸಿಕ್ಕಿತು. ಪರೇಲಿನ ಟಾಟಾ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮೆಲನೋಮಾ ಎಂಬ ಆ ಚರ್ಮದ ಕ್ಯಾನ್ಸರ್ ಹಿಮ್ಮಡಿಯನ್ನು ದಾಟಿ ಬಹಳ ದೂರ ಹೋಗಿತ್ತು. ಎರಡು ವರ್ಷ ಅವರು ನಮ್ಮೊಂದಿಗಿದ್ದರು.

ಹಾಗಾಗಿ ನಿಮ್ಮ ಸಹೋದ್ಯೋಗಿಯ ತಪಾಸಣೆಯನ್ನು ಇದ್ದ ಹಾಗೆಯೇ ಇಲ್ಲಿಗೆ ತರಬೇಡಿ. ಆಸ್ಟ್ರೇಲಿಯಾದಲ್ಲಿ ಬಿಳಿ ಚರ್ಮದ ಮೇಲೆ ಕಡು ಬಿಸಿಲು ಬೀಳುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಚರ್ಮದ ಕ್ಯಾನ್ಸರ್ ಕಾಣುವ ದೇಶಗಳಲ್ಲಿ ಅದು ಒಂದು. ಅವರು ಬೆನ್ನು, ತೋಳು, ಮುಖ ನೋಡಿಸಿಕೊಳ್ಳುವುದು ಸರಿ. ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಬಿಸಿಲಿನಿಂದ ಸಾಕಷ್ಟು ಕಾಪಾಡುತ್ತದೆ, ಕಾಯಿಲೆಯೂ ನಮ್ಮಲ್ಲಿ ಅಪರೂಪ. ಆದರೆ ಮೆಲನೋಮಾ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿ, ಹೀಗೆ ಯಾರೂ ನೋಡದ ಜಾಗದಲ್ಲಿ ಬರುವುದೇ ಹೆಚ್ಚು. ಆ ಬಗೆಯ ಮೆಲನೋಮಾಕ್ಕೂ ಬಿಸಿಲಿಗೂ ಅಷ್ಟಾಗಿ ನಂಟಿಲ್ಲ. 1981ರಲ್ಲಿ 36ನೆಯ ವಯಸ್ಸಿಗೆ ತೀರಿಕೊಂಡ ಜಮೈಕಾದ ಗಾಯಕ ಬಾಬ್ ಮಾರ್ಲೆಗೆ ಅದು ಶುರುವಾದದ್ದು ಕಾಲ್ಬೆರಳಿನ ಉಗುರಿನ ಕೆಳಗೆ. ಮೊದಲು ಫುಟ್ಬಾಲ್ ಆಡುವಾಗ ಆದ ಪೆಟ್ಟು ಎಂದುಕೊಂಡಿದ್ದರು.

ಯಾವ ತೊಂದರೆಯೂ ಇಲ್ಲದವರು ವರ್ಷ ವರ್ಷ ಹೋಗಬೇಕೇ? ಯಾರಿಗೆ ಯಾವ ತಪಾಸಣೆ ಬೇಕೆಂದು ಸಲಹೆ ಕೊಡುವ ಅಮೆರಿಕದ ತಜ್ಞರ ಮಂಡಳಿ, ರೋಗ ತಡೆ ಸೇವೆಗಳ ಕಾರ್ಯಪಡೆ ಕೂಡ 2023ರಲ್ಲಿ, ಅಂಥವರ ಚರ್ಮವನ್ನು ಸುಮ್ಮನೆ ತಪಾಸಣೆ ಮಾಡುವುದರ ಲಾಭ ಹಾನಿ ತೂಗಲು ಸಾಕಷ್ಟು ಆಧಾರ ಇಲ್ಲ ಎಂದಿತು. ಅಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು, ಮನೆಯಲ್ಲಿ ಮೆಲನೋಮಾ ಇದ್ದವರು, ಹುಟ್ಟಿನಿಂದಲೇ ಕೂದಲು, ಚರ್ಮ ಎರಡೂ ಬೆಳ್ಳಗಿರುವವರು ನಿಯಮಿತವಾಗಿ ಹೋಗಲೇಬೇಕು. ಹಳೆಯ ಸುಟ್ಟ ಗಾಯದ ಕಲೆ ಮತ್ತೆ ಹುಣ್ಣಾಗಿ ಮಾಯದೆ ಉಳಿದರೆ ಒಂದು ದಿನವೂ ತಡಮಾಡಬಾರದು. ನಿಮಗೆ ಮಚ್ಚೆಗಳು ಬಹಳ ಇರುವುದರಿಂದ ಒಮ್ಮೆ ಚರ್ಮ ತಜ್ಞರಿಗೆ ಸಮಾಧಾನವಾಗಿ ತೋರಿಸಿಬಿಡಿ. ಮುಂದೆ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಅವರೇ ಹೇಳುತ್ತಾರೆ.

ಕಳೆದ ವರ್ಷ ನಾನೂ ತೋರಿಸಿಕೊಂಡೆ. ಸೂಜಿಯಿಲ್ಲ, ನೋವಿಲ್ಲ. ನೆತ್ತಿಯ ಕೂದಲು ಬಿಡಿಸಿ, ಕಿವಿಯ ಹಿಂದೆ, ಬೆನ್ನು, ಕಾಲ್ಬೆರಳ ಸಂದಿ, ಅಂಗಾಲು, ಇಪ್ಪತ್ತು ಉಗುರು, ಎಲ್ಲವನ್ನೂ ನೋಡಿದರು. ಅನುಮಾನ ಬಂದಲ್ಲಿ ಡರ್ಮೋಸ್ಕೋಪ್ ಇಟ್ಟರು. ಅದು ದೀಪವಿರುವ ಭೂತಗನ್ನಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಹೆಬ್ಬೆರಳ ಉಗುರಿನಲ್ಲಿ ನನಗೊಂದು ಕಂದು ಗೆರೆಯಿದೆ. ಮನೆಯಲ್ಲಿ ನಡೆದದ್ದನ್ನು ನೆನೆದು ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಮೈಬಣ್ಣದವರಲ್ಲಿ ಇಂಥ ಗೆರೆಗಳು ಸಾಮಾನ್ಯ ಎಂದು ವೈದ್ಯೆ ಹೇಳಿದರು. ಒಂದೇ ಬೆರಳಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಇಲ್ಲವೇ ಕಪ್ಪು ಬಣ್ಣ ಉಗುರನ್ನು ದಾಟಿ ಬುಡದ ಚರ್ಮಕ್ಕೆ ಹರಿದರೆ ಆಗ ತಡಮಾಡಬಾರದು. ಅವರು ಕ್ಲಿನಿಕ್ಕಿನ ಕಿಟಕಿಯ ಬೆಳಕಿನಲ್ಲಿ ನನ್ನ ಕೈ ಹಿಡಿದು ಇದನ್ನು ತೋರಿಸಿಕೊಟ್ಟ ಹೊತ್ತು ನನಗೆ ಇನ್ನೂ ನೆನಪಿದೆ. ದೊಡ್ಡಪ್ಪನ ಕಾಲನ್ನು ಹೀಗೆ ಯಾರಾದರೂ ಹಿಡಿದು ನೋಡಿದ್ದರೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮಚ್ಚೆಗಳ ವಿಷಯದಲ್ಲಿ, ಎರಡು ಅರ್ಧ ಒಂದಕ್ಕೊಂದು ಹೊಂದದಿರುವುದು, ಅಂಚು ಒಡೆದಿರುವುದು, ಬಣ್ಣ ಹಲವಾಗಿರುವುದು, 6 ಮಿಲಿಮೀಟರಿಗಿಂತ ಅಗಲವಾಗಿರುವುದು ಅನುಮಾನದ ಗುರುತುಗಳು. ಎಲ್ಲಕ್ಕಿಂತ ಮುಖ್ಯ, ಅದು ಬದಲಾಗುತ್ತಿದೆಯೇ ಎಂಬುದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಮೂರು ತಿಂಗಳಿಗೆ ಮತ್ತೆ ಹೋಲಿಸಿ. ಸೀರೆ ಉಡುವ ಹಿರಿಯರು ಮನೆಯಲ್ಲಿದ್ದರೆ ಅವರ ಸೊಂಟವನ್ನೂ ಕೇಳಿ ನೋಡಿ. ಲಂಗದ ಲಾಡಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಪ್ಪಾಗಿ, ಸಿಪ್ಪೆಯೆದ್ದ ಚರ್ಮ ಮಾಯದ ಹುಣ್ಣಾಗಿ, ಕೊನೆಗೆ ಕ್ಯಾನ್ಸರಿಗೆ ತಿರುಗಿದ ಅಪರೂಪದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ಕೈಮುಗಿದು ಕೇಳುತ್ತೇನೆ, ಅಂದ ಕೆಡಿಸುತ್ತದೆಂದು ಯಾವ ಮಚ್ಚೆಯನ್ನೂ ಪಾರ್ಲರಿನಲ್ಲಿ ಸುಡಿಸಬೇಡಿ. ಚರ್ಮ ತಜ್ಞರೇ ಅನುಮಾನದಿಂದ ತೆಗೆದರೆ, ತುಣುಕು ಬಯಾಪ್ಸಿಗೆ, ಅಂದರೆ ಪ್ರಯೋಗಾಲಯದ ಪರೀಕ್ಷೆಗೆ ಹೋಗುತ್ತದೆಯೇ ಎಂದು ಕೇಳಿ, ವರದಿಯನ್ನು ಕೈಗೆ ತೆಗೆದುಕೊಳ್ಳಿ. ಸುಟ್ಟುಹಾಕಿದ ಮೇಲೆ ನೋಡಲು ಏನೂ ಉಳಿಯುವುದಿಲ್ಲ.

ಖಾಸಗಿಯವರ ಶುಲ್ಕ ಹೊರೆಯೆನಿಸಿದರೆ ಪರೇಲಿನ ಕೆಇಎಂ, ಸಯನ್ ಆಸ್ಪತ್ರೆಗಳ ಚರ್ಮ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ನೋಂದಣಿ ಚೀಟಿ) ಮಾಡಿಸಿ. ಹೋಗುವ ಮುನ್ನ ಉಗುರಿನ ಬಣ್ಣ ಪೂರ್ತಿ ತೆಗೆದುಬಿಡಿ. ಮದುವೆಯ ಊಟ ಮುಗಿಸಿ ಬಂದವರಾದರೆ, ಅಂಗೈ ಅಂಗಾಲುಗಳ ಮೆಹಂದಿ ಮಾಸುವವರೆಗೆ ಕಾದು ಆಮೇಲೆ ಹೋಗಿ.