ಕೆಸರಲ್ಲಿ ಮುರಿಯದ ಶಾಫ್ಟ್ ಬಂಡೆ ಮೇಲೆ ಯಾಕೆ ಮುರೀತು?

ಆಲ್ದೂರಿನ ಗೆಳೆಯರ ಪ್ರಶ್ನೆ ನೋಡಿದೆ. ಜಿಪ್ಸಿಗೆ 1.6 ಲೀಟರ್ ಎಂಜಿನ್ ಕೂರಿಸಿದ್ದಾರೆ. 31 ಇಂಚಿನ ಮಡ್ ಟಯರ್ ಹಾಕಿದ್ದಾರೆ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಿಂದಿನ ಡಿಫರೆನ್ಷಿಯಲ್ ಅನ್ನು, ಎರಡೂ ಒಟ್ಟಿಗೇ ತಿರುಗಲಿ ಅಂತ ವೆಲ್ಡ್ ಮಾಡಿಸಿದ್ದಾರೆ. ಮಳೆಗಾಲ ಪೂರ್ತಿ ತೋಟದ ಕೆಸರಲ್ಲಿ ಓಡಿಸಿದರೂ ಏನೂ ಆಗಲಿಲ್ಲ. ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಒಣ ಬಂಡೆ ಹತ್ತುವಾಗ ಹಿಂದಿನ ಆಕ್ಸಲ್ ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಚಕ್ರ ತಿರುಗಿಸುವ ಸರಳು) ಮುರಿದಿದೆ. ಅದಕ್ಕೆ ಕೆಲವರು ‘ಡೂಪ್ಲಿಕೇಟ್ ಶಾಫ್ಟ್’ ಅಂದಿದ್ದಾರೆ, ಕೆಲವರು ‘ಎಂಜಿನ್ ಪವರ್ ಜಾಸ್ತಿ ಆಯ್ತು’ ಅಂದಿದ್ದಾರೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ಮಾರಾಯ್ರೆ. ಕೆಸರಲ್ಲಿ ಮುರಿಯಲಿಲ್ಲ, ಬಂಡೆ ಮೇಲೆ ಮುರೀತು.

ಮೊದಲು ಎಂಜಿನ್ ಲೆಕ್ಕ ಮುಗಿಸಿಬಿಡೋಣ. ಜಿಪ್ಸಿಯ ಕಂಪನಿ 1.3 ಎಂಜಿನ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, 103 ನ್ಯೂಟನ್ ಮೀಟರ್. ಅದನ್ನು ಗೇರುಗಳು ಎಷ್ಟು ಪಟ್ಟು ಏರಿಸುತ್ತವೆ ಅಂದರೆ, ಫಸ್ಟ್ ಗೇರ್ 3.65, ಫೋರ್ ವೀಲ್‌ನ ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ 2.27, ಹಿಂದಿನ ಆಕ್ಸಲ್ ಹೌಸಿಂಗಿನ ಕ್ರೌನ್ ಪಿನಿಯನ್ ಗೇರ್ 3.73. ಎಲ್ಲ ಗುಣಿಸಿದರೆ ಚಕ್ರದ ಕಡೆ ಬರುವುದು ಸುಮಾರು 3,200. ನಿಮ್ಮ 1.6ಕ್ಕೆ 130 ಅಂತ ಹಿಡಿದರೆ 4,000 ಆಗುತ್ತದೆ. ಅಂದರೆ ಕಾಲು ಭಾಗ ಜಾಸ್ತಿ, ಅಷ್ಟೆ. ಅಷ್ಟಕ್ಕೇ ಶಾಫ್ಟ್ ಮುರಿಯಬೇಕಿದ್ದರೆ ಕಂಪನಿಯಿಂದ ಬಂದ ಗಾಡಿಯಲ್ಲೇ ಆಗಾಗ ಮುರಿಯಬೇಕಿತ್ತು.

ಅಸಲಿ ವಿಷಯ ಏನೆಂದರೆ, ಅಷ್ಟು ಟಾರ್ಕ್ ಶಾಫ್ಟಿಗೆ ಬರುವುದೇ ಇಲ್ಲ. ಟಯರ್ ಎಷ್ಟು ಹಿಡಿಯುತ್ತದೋ ಅಷ್ಟೇ ಬರುವುದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಟಯರ್ ಜಾರುತ್ತದೆ. ಮನೆಯ ಮೀಟರ್ ಬೋರ್ಡಿನ ಫ್ಯೂಸ್ ಇದ್ದ ಹಾಗೆ. ಹಿಂದಿನ ಒಂದು ಚಕ್ರದ ಮೇಲೆ 400 ಕೆ.ಜಿ. ಭಾರ ಇದೆ ಅಂದುಕೊಳ್ಳಿ. ಹಳೇ ಅಳತೆಯ ಟಯರ್ ಒಣ ಬಂಡೆ ಮೇಲೆ ಹೆಚ್ಚೆಂದರೆ 1,000 ನ್ಯೂಟನ್ ಮೀಟರ್ ಹಿಡಿದು ಜಾರುತ್ತದೆ. 31 ಇಂಚಿನದು ಎತ್ತರ ಇರುವುದರಿಂದಲೇ 1,200 ಆಯಿತು. ಕೆಸರಲ್ಲಿ ಇದು ಅರ್ಧಕ್ಕೂ ಕಮ್ಮಿ. ಹಾಗಾಗಿ ಮಳೆಗಾಲದಲ್ಲಿ ನೀವು ಎಷ್ಟೇ ಆಕ್ಸಿಲರೇಟರ್ ಒತ್ತಿದರೂ ಕೆಸರು ಹಾರಿತು, ಶಾಫ್ಟ್ ಉಳಿಯಿತು.

ಈಗ ಆ ವೆಲ್ಡಿಂಗ್. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗಿದರೆ ಇನ್ನೊಂದಕ್ಕೂ ಶಕ್ತಿ ಹೋಗುವುದಿಲ್ಲ. ನಮಗೆ ಅದು ಕೋಪ ಬರಿಸುವ ವಿಷಯ, ಶಾಫ್ಟಿಗೆ ಮಾತ್ರ ಅದೇ ರಕ್ಷಣೆ. ವೆಲ್ಡ್ ಮಾಡಿಸಿದ ಮೇಲೆ ಎಡ ಚಕ್ರ ಎದ್ದರೆ ಹಿಂದಿನ ಇಡೀ 800 ಕೆ.ಜಿ. ಬಲ ಚಕ್ರದ ಮೇಲೆ. ಹಿಡಿತವೂ ಡಬಲ್. ಹತ್ತಿರ ಹತ್ತಿರ 2,400 ನ್ಯೂಟನ್ ಮೀಟರ್ ಒಂದೇ ಶಾಫ್ಟಲ್ಲಿ! 1,000 ಇದ್ದಲ್ಲಿ 2,400. ಎಂಜಿನ್ ಬದಲಾಯಿಸಿ ಜಾಸ್ತಿ ಮಾಡಿಕೊಂಡದ್ದು ಕಾಲು ಭಾಗ, ಟಯರ್ ಮತ್ತು ವೆಲ್ಡಿಂಗ್‌ನಿಂದ ಜಾಸ್ತಿ ಆದದ್ದು ಎರಡು ಪಟ್ಟಿಗೂ ಮೇಲೆ. ಚಕ್ರ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡರಂತೂ ಜಾರುವುದಕ್ಕೂ ಜಾಗ ಇಲ್ಲ. ಫ್ಯೂಸ್ ಜಾಗದಲ್ಲಿ ಮೊಳೆ ಇಟ್ಟ ಹಾಗೆ.

ಇದರ ಮೇಲೆ ಏಟಿನ ಲೆಕ್ಕ ಬೇರೆ. ಮೇಲೆ ಹೇಳಿದ್ದೆಲ್ಲ ನಿಧಾನಕ್ಕೆ ಬರುವ ಭಾರ. ಗಾಳಿಯಲ್ಲಿ ಗಿರ್ರನೆ ತಿರುಗುತ್ತಿರುವ ಚಕ್ರ ದಪ್ ಅಂತ ಬಂಡೆಗೆ ಬಿದ್ದು ಒಮ್ಮೆಲೇ ಹಿಡಿದಾಗ ಶಾಫ್ಟಿಗೆ ಸುತ್ತಿಗೆ ಏಟು ಬೀಳುತ್ತದೆ. ದೊಡ್ಡ ಟಯರ್ ತೂಕವೂ ಜಾಸ್ತಿ, ಹಾಗಾಗಿ ಏಟೂ ಜಾಸ್ತಿ. ಚಕ್ರ ಎದ್ದಿತು ಅಂತ ಅನ್ನಿಸಿದ ತಕ್ಷಣ ಕಾಲು ತೆಗೆಯಿರಿ. ಅದು ಕೂತ ಮೇಲೆ ಮತ್ತೆ ಮೆಲ್ಲಗೆ ಒತ್ತಿ. ನಮ್ಮಲ್ಲಿ ಎಷ್ಟೋ ಜನ ಇದಕ್ಕೆ ಉಲ್ಟಾ ಮಾಡುತ್ತಾರೆ, ವಿಡಿಯೊ ತೆಗೆಯುವವನು ಮುಂದೆ ನಿಂತಿದ್ದರಂತೂ ಕೇಳಲೇಬೇಡಿ.

‘ಡೂಪ್ಲಿಕೇಟ್’ ಅನ್ನುವ ಮೊದಲು ಮುರಿದ ತುಂಡನ್ನು ಓದಿ. ಡೀಸೆಲ್‌ನಲ್ಲಿ ತೊಳೆದು, ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ನನ್ನದು ಮುರಿದಾಗ ಕಣದ ಪಕ್ಕ ಕೂತು ಅರ್ಧ ಗಂಟೆ ನೋಡಿದ್ದೆ. ಅಂಚಿನ ಒಂದು ಕಡೆ ನುಣ್ಣಗೆ, ಕಪ್ಪಗೆ, ಮರ ಕೊಯ್ದಾಗ ಕಾಣುವ ಬಳೆಗಳ ಹಾಗೆ ಗೆರೆಗಳಿದ್ದವು. ಉಳಿದ ಭಾಗ ಬೆಲ್ಲದ ಅಚ್ಚು ಒಡೆದ ಹಾಗೆ ಒರಟು, ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಬಿಟ್ಟು ಬಹಳ ದಿನ ಆಗಿತ್ತು. ಆ ನುಣ್ಣನೆ ಭಾಗ ದಿನಾ ಸ್ವಲ್ಪ ಸ್ವಲ್ಪ ಬೆಳೆದದ್ದು, ಒರಟು ಭಾಗ ಕೊನೇ ದಿನ ಹೋದದ್ದು. ಕಟ್ಟು ತಂತಿಯನ್ನು ಹಿಂದೆ ಮುಂದೆ ಮಡಚಿ ತುಂಡು ಮಾಡುತ್ತೇವಲ್ಲ, ಅದೇ ಕತೆ. ಗೆರೆಗಳೇ ಇಲ್ಲದೆ ಇಡೀ ಮುಖ ಒಂದೇ ರೀತಿ ಇದ್ದು, ಓರೆಯಾಗಿ ಅಥವಾ ಸುಳಿ ಸುತ್ತಿದ ಹಾಗೆ ಮುರಿದಿದ್ದರೆ ಅದು ಒಂದೇ ಏಟಿಗೆ ಹೋದದ್ದು.

ಇನ್ನು ನನ್ನ ತಪ್ಪು. ಬಿರುಕು ಶುರುವಾದ ಜಾಗ ನೋಡಿದರೆ, ಶಾಫ್ಟಿನ ದಪ್ಪ ಬದಲಾಗುವ ಮೆಟ್ಟಿಲಿನ ಮೂಲೆ. ಹಾಸನದ ಒಂದು ಲೇತಿನಲ್ಲಿ ಇಎನ್-24 ಅನ್ನುವ ಗಟ್ಟಿ ಮಿಶ್ರಲೋಹದ ಸ್ಟೀಲ್‌ನಿಂದ ಮಾಡಿಸಿದ್ದೆ. ಸ್ಟೀಲ್ ಚೆನ್ನಾಗಿತ್ತು, ಹೀಟ್ ಟ್ರೀಟ್‌ಮೆಂಟೂ ಆಗಿತ್ತು. ಆದರೆ ಆ ಮೂಲೆಗೆ ರೇಡಿಯಸ್ ಕೊಡಿ, ಗುಂಡಗೆ ಮಾಡಿ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಮೂಲೆ ಬ್ಲೇಡಿನ ಹಾಗೆ ಚೂಪಾಗಿತ್ತು. ಭಾರ ಎಲ್ಲ ಅಲ್ಲೇ ಬಂದು ಕೂತಿತು. ನೀವು ಮಾಡಿಸುವುದಾದರೆ ಮೂಲೆ ಗುಂಡಗಿರಲಿ, ಟೂಲಿನ ಗೆರೆ ಕಾಣದ ಹಾಗೆ ಪಾಲಿಶ್ ಆಗಿರಲಿ, ಶಾಫ್ಟ್ ಮೇಲೆ ನಂಬರ್ ಕೂಡ ಪಂಚ್ ಮಾಡಿಸಬೇಡಿ. ಅದಕ್ಕಿಂತ ಸಾಧಾರಣ ಸ್ಟೀಲ್ ಇಎನ್-8ರಲ್ಲಿ ಕಮ್ಮಿ ರೇಟಿಗೆ ಮಾಡಿಕೊಡ್ತೀವಿ ಅಂದರೆ ಸುಮ್ನೆ ಎದ್ದು ಬನ್ನಿ. ಜಾಗ ಇದ್ದರೆ ಸ್ವಲ್ಪ ದಪ್ಪ ಮಾಡಿಸಿ. 24 ಮಿ.ಮೀ. ಇದ್ದದ್ದು 26 ಆದರೆ ತಿರುಚು ತಡೆಯುವ ಶಕ್ತಿ ಶೇ 27ರಷ್ಟು ಏರುತ್ತದೆ.

ಆದರೆ ಶಾಫ್ಟ್ ಗಟ್ಟಿ ಆದರೆ ಮುಂದಿನದು ಯಾವುದು ಅಂತಲೂ ಯೋಚಿಸಿ. ಕ್ರೌನ್ ಪಿನಿಯನ್ ಹಲ್ಲು ಹೋದರೆ ಹೌಸಿಂಗ್ ಪೂರ್ತಿ ಬಿಚ್ಚಬೇಕು. ಶಾಫ್ಟ್ ಆದರೆ ತೋಟದಲ್ಲೇ ಜಾಕಿ ಕೊಟ್ಟು ಬದಲಾಯಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ಹಿಂದೆ ಒಳ್ಳೇ ಶಾಫ್ಟ್ ಹಾಕಿ, ಗಾಡಿಯಲ್ಲಿ ಎಡ ಬಲ ಒಂದೊಂದು ಸ್ಪೇರ್ ಇಡಿ. ವೆಲ್ಡಿಂಗ್ ತೆಗೆಸಿ, ಬೇಕಾದಾಗ ಮಾತ್ರ ಎರಡು ಚಕ್ರ ಒಟ್ಟಿಗೆ ಲಾಕ್ ಮಾಡುವ ಡಿಫರೆನ್ಷಿಯಲ್ ಲಾಕರ್‌ಗೆ ದುಡ್ಡು ಕೂಡಿಡಿ. ಮುಂದಿನ ಚಕ್ರಕ್ಕೂ ಇದೇ ಮಾತು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಒಳಗಿನ ಜಾಯಿಂಟ್ ಗುಂಡುಗಳು ಅದರ ಬಟ್ಟಲನ್ನೇ ಒಡೆಯುತ್ತವೆ. ಟಾರ್ ರೋಡಲ್ಲಿ ಫೋರ್ ವೀಲ್ ಬೇಡವೇ ಬೇಡ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದೂರ ಹೋಗುತ್ತವೆ, ಜಿಪ್ಸಿಯಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ, ಆ ವ್ಯತ್ಯಾಸ ಎಲ್ಲ ಶಾಫ್ಟುಗಳಲ್ಲಿ ತಿರುಚಾಗಿ ಕೂರುತ್ತದೆ.

ಮಧ್ಯದಲ್ಲಿ ಸ್ವಿಫ್ಟ್ ಡೀಸೆಲ್ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದವರೂ ಕೇಳಿದ್ದಾರೆ, ಕ್ಲಚ್ ಜಾರುತ್ತಿದೆ, ಸೆರಾಮಿಕ್ ಪ್ಲೇಟ್ ಹಾಕಿಸಲಾ ಅಂತ. ಅಲ್ಲಿ ಕ್ಲಚ್ಚೇ ಫ್ಯೂಸ್. ಮಾಮೂಲಿ ಪ್ಲೇಟಿನ ಮಧ್ಯ ಇರುವ ಸ್ಪ್ರಿಂಗುಗಳು ಏಟನ್ನು ನುಂಗುತ್ತವೆ. ಸ್ಪ್ರಿಂಗ್ ಇಲ್ಲದ ಸೆರಾಮಿಕ್ ಪ್ಲೇಟ್ ಹಾಕಿ, ಆರ್‌ಪಿಎಂ ಏರಿಸಿ ಕ್ಲಚ್ ಪಟ್ ಅಂತ ಬಿಟ್ಟರೆ, ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ತುಂಬಿಕೊಂಡ ಶಕ್ತಿಯೆಲ್ಲ ಗೇರ್ ಹಲ್ಲಿಗೇ ಬಡಿಯುತ್ತದೆ. ಎಂಜಿನ್ ಟಾರ್ಕಿಗಿಂತ ಎಷ್ಟೋ ಜಾಸ್ತಿ ಅದು. ಇನ್ನೊಂದು ವಿಷಯ, ಹಲ್ಲಿಗೆ ನೋವು ಕೊಡುವುದು ಟಾರ್ಕ್, ಹಾರ್ಸ್ ಪವರ್ ಅಲ್ಲ. ಆ ಎಂಜಿನ್ 2,000 ಆರ್‌ಪಿಎಂಗೇ ಪೂರ್ತಿ 190 ನ್ಯೂಟನ್ ಮೀಟರ್ ಕೊಡುತ್ತದೆ. ರೀಮ್ಯಾಪಲ್ಲಿ ಅಲ್ಲೇ ಇನ್ನೂ ಏರಿಸಿದ್ದರೆ, ಚಾರ್ಮಾಡಿ ಏರಲ್ಲಿ ದೊಡ್ಡ ಗೇರಲ್ಲೇ ಒತ್ತಿ ಎಳೆಯುವುದು ಗೇರ್ ಬಾಕ್ಸಿಗೆ ಒಳ್ಳೆಯದಲ್ಲ. ಕೆಳಗಿನ ಟಾರ್ಕ್ ಇಳಿಸಿ, ಮೇಲಿನ ಆರ್‌ಪಿಎಂನಲ್ಲಿ ಕೊಡಿ ಅಂತ ಮ್ಯಾಪ್ ಮಾಡಿದವರಿಗೆ ಹೇಳಿ. ಹೊರಡುವಾಗ ಮುಂದಿನ ಚಕ್ರ ಧಡ್ ಧಡ್ ಅಂತ ಕುಣಿದರೆ ಎಂಜಿನ್ ಮೌಂಟಿಂಗ್, ಬುಶ್ ಮೊದಲು ನೋಡಿಸಿ. ಹಾಗೆ ಕುಣಿಯುವಾಗಲೇ ಜಾಯಿಂಟ್ ಶಾಫ್ಟ್ ಹೋಗುವುದು.

ಆಲ್ದೂರಿನವರೆ, ಹೊಸ ಶಾಫ್ಟ್ ಹಾಕುವ ಮುಂಚೆ ಅದರ ಉದ್ದಕ್ಕೂ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ನಾಲ್ಕು ಟ್ರಿಪ್ ಆದ ಮೇಲೆ ಶಾಫ್ಟ್ ಹೊರಗೆ ಎಳೆದು ನೋಡಿ. ಗೆರೆ ಬಳ್ಳಿ ಹಬ್ಬಿದ ಹಾಗೆ ತಿರುಚಿದ್ದರೆ, ಅಥವಾ ತುದಿಯ ಸ್ಪ್ಲೈನ್ ಹಲ್ಲುಗಳು ಓರೆ ಆಗಿದ್ದರೆ, ಆ ಶಾಫ್ಟ್ ಕತೆ ಮುಗಿದಿದೆ. ಹಳೇ ತುಂಡುಗಳನ್ನು ಗುಜರಿಗೆ ಹಾಕಿಲ್ಲ ಅಲ್ವಾ? ಎರಡರ ಮುರಿದ ಮುಖದ ಫೋಟೊ ಇಲ್ಲೇ ಹಾಕಿ. ಫ್ಲ್ಯಾಶ್ ಬೇಡ, ಬಿಸಿಲಲ್ಲಿ ತೆಗೆಯಿರಿ.